ಜೋರಾಗಿ ಒತ್ತಿದರೆ ಜೋರು ಸದ್ದು: ಎಲ್ಲಾ ಕೀಲಿಮಣೆಗಳಲ್ಲೂ ಹಾಗೇನಾ?

ಪ್ರಶ್ನೆ: ಹಾರ್ಪ್ಸಿಕಾರ್ಡ್ ನೋಡಲು ಪಿಯಾನೊ ತರಾನೇ ಇರುತ್ತದೆ. ಆದರೆ ಅದರ ಕೀಯನ್ನು ಹೇಗೆ ಒತ್ತಿದರೂ ಸದ್ದು ಹೆಚ್ಚು ಕಡಿಮೆ ಒಂದೇ ಅಂತೆ. ಯಾಕೆ?

ಉತ್ತರ: ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತದೆ, ಬಡಿಯುವುದಿಲ್ಲ. ಕೀ ಒತ್ತಿದಾಗ ಅದರ ಹಿಂತುದಿಯ ಮೇಲೆ ನಿಂತಿರುವ ತೆಳ್ಳನೆಯ ಮರದ ಪಟ್ಟಿ, ಅಂದರೆ ಜ್ಯಾಕ್, ಮೇಲೇಳುತ್ತದೆ. ಅದರಲ್ಲೊಂದು ಪುಟ್ಟ ಮೊನೆ ಇದೆ, ಹಿಂದೆ ಹಕ್ಕಿಗರಿಯ ದಂಟಿನಿಂದ ಮಾಡುತ್ತಿದ್ದರು. ಅದು ತಂತಿಗೆ ತಗುಲಿ, ಒಂಚೂರು ಬಾಗಿ, ಜಾರಿ ಮೇಲೆ ಹೋಗುತ್ತದೆ. ತಂತಿ ಎಷ್ಟು ಎಳೆಸಿಕೊಳ್ಳುತ್ತದೆ ಅನ್ನೋದು ಆ ಮೊನೆ ಎಷ್ಟು ಬಿರುಸಾಗಿದೆ ಅನ್ನುವುದರ ಮೇಲೆ ನಿಂತಿದೆ, ನಿಮ್ಮ ಬೆರಳಿನ ಮೇಲಲ್ಲ. ಬೆರಳು ತೆಗೆದಾಗ ಮೊನೆ ಕೂತಿರುವ ನಾಲಿಗೆ ಹಿಂದಕ್ಕೆ ವಾಲುತ್ತದೆ, ಹಾಗಾಗಿ ಇಳಿಯುವಾಗ ತಂತಿಯನ್ನು ಇನ್ನೊಮ್ಮೆ ಮೀಟುವುದಿಲ್ಲ. ಎಷ್ಟು ಚೆಂದದ ಕೆಲಸ ಅಲ್ವಾ!

ಅದೇ ಕಾಲದಲ್ಲಿ ಕ್ಲಾವಿಕಾರ್ಡ್ ಅನ್ನುವ ಇನ್ನೊಂದು ಕೀಲಿಮಣೆ ವಾದ್ಯವೂ ಇತ್ತು. ಅದರಲ್ಲಿ ಕೀಯ ತುದಿಯ ಹಿತ್ತಾಳೆ ತುಣುಕು ತಂತಿಗೆ ಬಡಿದು ಅಲ್ಲೇ ಒತ್ತಿಕೊಂಡಿರುತ್ತದೆ. ಬೆರಳು ಅಲುಗಿಸಿದರೆ ಸ್ವರವೂ ಅಲುಗುತ್ತದೆ, ಮೆಲ್ಲಗೆ-ಜೋರು ಎರಡೂ ಸಾಧ್ಯ. ಆದರೆ ಒಟ್ಟಾರೆ ಸದ್ದೇ ಬಹಳ ಸಣ್ಣದು, ಪಕ್ಕದಲ್ಲಿ ಕೂತವರಿಗಷ್ಟೇ ಕೇಳೀತು.

ಪಿಯಾನೊ ಮಾಡಿ ಈ ಇಕ್ಕಟ್ಟನ್ನು ಬಿಡಿಸಿದವನು ಇಟಲಿಯ ಫ್ಲಾರೆನ್ಸ್ ಆಳುತ್ತಿದ್ದ ಮೆಡಿಚಿ ಮನೆತನದಲ್ಲಿ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ, ಸುಮಾರು 1700ರಲ್ಲಿ. ಸುತ್ತಿಗೆಯಿಂದ ತಂತಿಗೆ ಬಡಿಯುವುದು ಯಾರಿಗಾದರೂ ಹೊಳೆದೀತು, ಕಷ್ಟ ಇದ್ದದ್ದು ಆಮೇಲಿನದ್ದು: ಬಡಿದ ಸುತ್ತಿಗೆ ತಂತಿಯ ಮೇಲೇ ಉಳಿದರೆ ಸ್ವರ ಅಲ್ಲೇ ಸತ್ತುಹೋಗುತ್ತದೆ. ಅದಕ್ಕೆ ಆತ, ಸುತ್ತಿಗೆ ತಂತಿ ಮುಟ್ಟುವ ಮುಂಚೆಯೇ ಕೀಯ ಹಿಡಿತ ತಪ್ಪುವ ಹಾಗೆ ಮಾಡಿದ. ಕೊನೆಯ ಚೂರು ದೂರವನ್ನು ಸುತ್ತಿಗೆ ತಾನೇ ಹಾರಿ, ಬಡಿದು, ಹಿಂದಕ್ಕೆ ಬೀಳುತ್ತದೆ. ಅಂದರೆ ನುಡಿಸುವವರ ಕೈಯಲ್ಲಿ ಇರುವುದು ಮುಖ್ಯವಾಗಿ ಸುತ್ತಿಗೆಯ ವೇಗ, ಅಷ್ಟೇ. ನನಗೆ ಪಿಯಾನೊದಲ್ಲಿ ಎಲ್ಲಕ್ಕಿಂತ ದೊಡ್ಡ ಶೋಧ ಇದೇ. ಆತ ಮಾಡಿದ 3 ಪಿಯಾನೊಗಳು ಇನ್ನೂ ಉಳಿದಿವೆ, ಅವುಗಳಲ್ಲಿ ಹಳೆಯದು 1720ರದ್ದು, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಮುಂದೆ 1821ರಲ್ಲಿ ಫ್ರಾನ್ಸ್‌ನ ಪಿಯಾನೊ ತಯಾರಕ ಎರಾರ್, ಕೀ ಪೂರ್ತಿ ಮೇಲೆ ಬರುವ ಮುಂಚೆಯೇ ಅದೇ ಸ್ವರವನ್ನು ಮತ್ತೆ ಬಾರಿಸುವ ಏರ್ಪಾಡು ತಂದ. ಆಮೇಲೆ ಎರಕದ ಕಬ್ಬಿಣದ ಚೌಕಟ್ಟು ಬಂತು, ಈಗಿನ ದೊಡ್ಡ ಪಿಯಾನೊಗಳಲ್ಲಿ ತಂತಿಗಳ ಒಟ್ಟು ಎಳೆತ ಸುಮಾರು 20 ಟನ್ ಇರುವುದರಿಂದ ಬರೀ ಮರ ತಡೆಯುವುದಿಲ್ಲ.

ಪ್ರಶ್ನೆ: ಎಲೆಕ್ಟ್ರಾನಿಕ್ ಕೀಬೋರ್ಡ್‌ನಲ್ಲಿ ತಂತಿಯೇ ಇಲ್ಲ. ನಾನು ಎಷ್ಟು ಜೋರಾಗಿ ಒತ್ತಿದೆ ಅಂತ ಅದಕ್ಕೆ ಹೇಗೆ ತಿಳಿಯುತ್ತದೆ?

ಉತ್ತರ: ಅದು ಬಲವನ್ನು ಅಳೆಯುವುದಿಲ್ಲ, ಸಮಯವನ್ನು ಅಳೆಯುತ್ತದೆ. ಸಾಮಾನ್ಯವಾಗಿ ಪ್ರತಿ ಕೀಯ ಕೆಳಗೆ 2 ಸ್ವಿಚ್ ಇರುತ್ತವೆ, ಒಂದು ಮೊದಲು ತಾಗುತ್ತದೆ, ಇನ್ನೊಂದು ಸ್ವಲ್ಪ ತಡವಾಗಿ. ನಡುವಿನ ಹೊತ್ತು ಕಡಿಮೆಯಾದಷ್ಟೂ ಸದ್ದು ಜೋರು. ಅಗ್ಗದ ಕೆಲವು ಮಾದರಿಗಳಲ್ಲಿ ಈ ಸೌಲಭ್ಯವೇ ಇರುವುದಿಲ್ಲ. ಕಲಿಯಲು ಕೊಳ್ಳುವವರು ಒಂದೇ ಕೀಯನ್ನು ನಿಧಾನವಾಗಿ ಒಮ್ಮೆ, ಬಿರುಸಾಗಿ ಒಮ್ಮೆ ಒತ್ತಿ ಕೇಳಿ. ವ್ಯತ್ಯಾಸ ಕೇಳದಿದ್ದರೆ ದಯವಿಟ್ಟು ಬೇರೆಯದನ್ನು ನೋಡಿ.