ಓದುಗರ ಪ್ರಶ್ನೆ: ಲಾಸಲ್ಲಿರೋ ಅಫಿಲಿಯೇಟ್ ಆ್ಯಡ್ ಯಾವಾಗ ನಿಲ್ಲಿಸ್ಬೇಕು?

ಪ್ರಶ್ನೆ: ಸರ್ ನಮಸ್ತೆ. ನಾನು ದಾವಣಗೆರೆಯವ್ನು, ಹಗಲು ಬೇರೆ ಕೆಲಸ, ರಾತ್ರಿ ಕೂತ್ಕೊಂಡು ಅಫಿಲಿಯೇಟ್ ಮಾಡ್ತೀನಿ, ಅಂದ್ರೆ ಬೇರೆ ಕಂಪನಿ ಸರಕನ್ನ ನನ್ನ ಲಿಂಕಿಂದ ಮಾರಿಸಿ ಕಮಿಷನ್ ತಗೋಳೋದು. ಒಂದು ವೆಬ್ ಹೋಸ್ಟಿಂಗ್ (ವೆಬ್‌ಸೈಟ್ ಇಡೋಕೆ ಜಾಗ ಬಾಡಿಗೆ ಕೊಡೋ) ಕಂಪನಿ ಪ್ಲ್ಯಾನ್ ಬಗ್ಗೆ ನಂದೇ ರಿವ್ಯೂ ಪೇಜ್ ಮಾಡಿ ಗೂಗಲ್ ಸರ್ಚಲ್ಲಿ ಆ್ಯಡ್ ಬಿಟ್ಟಿದೀನಿ. ಒಂದು ಸೇಲಿಗೆ 1,200 ರೂಪಾಯಿ ಕಮಿಷನ್. ಕ್ಲಿಕ್ಕಿಗೆ ಸರಾಸರಿ 15 ರೂಪಾಯಿ ಬೀಳ್ತಿದೆ, 900 ಕ್ಲಿಕ್ ಆಗಿದೆ, ಕಂಪನಿ ಡ್ಯಾಶ್‌ಬೋರ್ಡಲ್ಲಿ ನನ್ನ ಲಿಂಕಿಂದ ಬಂದವ್ರು 210 ಅಂತ ಇದೆ, ಸೇಲ್ 6, ಅದ್ರಲ್ಲಿ 2 ಕ್ಯಾನ್ಸಲ್, 2 ಇನ್ನೂ ಪೆಂಡಿಂಗ್. ಸರ್ಚ್ ಟರ್ಮ್ಸ್ ರಿಪೋರ್ಟ್ ತೆಗೆದು ನೋಡಿದ್ರೆ ಸುಮಾರು 400 ಕ್ಲಿಕ್ 'ಫ್ರೀ ಹೋಸ್ಟಿಂಗ್', 'ಲಾಗಿನ್', 'ಕಸ್ಟಮರ್ ಕೇರ್ ನಂಬರ್' ಅಂತ ಹುಡುಕಿದವ್ರದ್ದು. ಈಗ ನಿಲ್ಸಿದ್ರೆ ಹಾಕಿದ್ದೆಲ್ಲ ನೀರಲ್ಲಿ ಹೋಮ ಆಗತ್ತೆ ಅಂತ ಹೊಟ್ಟೆ ಉರಿಯತ್ತೆ. ಇನ್ನೊಂದು ಹತ್ತು ಸಾವಿರ ಹಾಕಿದ್ರೆ ಪಿಕಪ್ ಆಗ್ಬಹುದಾ?

ಉತ್ತರ: ಮೊದಲು ನಿಮ್ಗೆ ಒಂದು ಥ್ಯಾಂಕ್ಸ್, ಇಷ್ಟು ನಂಬರ್ ಬರೆದು ಕಳಿಸೋವ್ರು ತುಂಬಾ ಕಮ್ಮಿ, ಎಲ್ರೂ 'ಲಾಸ್ ಆಗ್ತಿದೆ ಏನ್ಮಾಡ್ಲಿ' ಅಂತ ಒಂದೇ ಸಾಲು ಬರೀತಾರೆ. ನಿಮ್ಮ ನಂಬರ್ ಇರೋದ್ರಿಂದ ನೇರವಾಗಿ ಹೇಳ್ಬಹುದು: ಈಗಿರೋ ರೂಪದಲ್ಲಿ ಈ ಕ್ಯಾಂಪೇನನ್ನ ಇವತ್ತೇ ನಿಲ್ಸಿ. ಹತ್ತು ಸಾವಿರ ಹಾಕ್ಬೇಡಿ. ಯಾಕೆ ಅಂತ ಪೂರ್ತಿ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮುಂದಿನ ಕ್ಯಾಂಪೇನಿಗೂ ಇದೇ ಲೆಕ್ಕ ಬೇಕಾಗತ್ತೆ.

ನಿಮ್ಮ ಕ್ಲಿಕ್ 15 ರೂಪಾಯಿ ಅಲ್ಲ. ಅದ್ರ ಮೇಲೆ 18% ಜಿಎಸ್‌ಟಿ ಸೇರತ್ತೆ, ನಿಮ್ಗೆ ಜಿಎಸ್‌ಟಿ ರಿಜಿಸ್ಟ್ರೇಷನ್ ಇಲ್ಲ ಅಂತಿದ್ರೆ ಆ ತೆರಿಗೆ ವಾಪಸ್ ಬರಲ್ಲ, ಅದು ಖರ್ಚೇ. ಅಂದ್ರೆ ಕ್ಲಿಕ್ಕಿಗೆ 17 ರೂಪಾಯಿ 70 ಪೈಸೆ, 900 ಕ್ಲಿಕ್ಕಿಗೆ 15,930. ಕಮಿಷನ್ 1,200ನ್ನ 17.70ರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 68 ಬರತ್ತೆ, ಅಂದ್ರೆ 68 ಕ್ಲಿಕ್ಕಿಗೆ ಒಂದು ಸೇಲ್ ಬಂದ್ರೆ ಹಾಕಿದ ದುಡ್ಡು ಹಾಕಿದಷ್ಟೇ ವಾಪಸ್, ಲಾಭ ಸೊನ್ನೆ. ಈ 68 ಅನ್ನೋ ನಂಬರ್ ಆ್ಯಡ್ ಬಿಡೋಕ್ ಮುಂಚೆನೇ ನಿಮ್ಮ ನೋಟ್‌ಬುಕ್ಕಲ್ಲಿ ಬರೆದಿರ್ಬೇಕಿತ್ತು. ಆ ಪ್ರಕಾರ 900 ಕ್ಲಿಕ್ಕಿಗೆ 13 ಸೇಲ್ ಬೇಕು, ಬಂದಿರೋದು 6. 'ಅದೃಷ್ಟ ಕೈಕೊಟ್ಟಿರ್ಬಹುದು' ಅಂತ ನೀವು ಕೇಳ್ಬಹುದು, ಅದಕ್ಕೂ ಲೆಕ್ಕ ಇದೆ. ನಿಜವಾಗ್ಲೂ ಅಸಲು ಹುಟ್ಟಿಸೋ ತಾಕತ್ತಿರೋ ಕ್ಯಾಂಪೇನ್ ಬರೀ ದುರಾದೃಷ್ಟದಿಂದ 13ರ ಜಾಗದಲ್ಲಿ 6 ಅಥ್ವಾ ಅದಕ್ಕಿಂತ ಕಮ್ಮಿ ಕೊಡೋದು ನೂರಕ್ಕೆ ಎರಡೋ ಮೂರೋ ಸಲ ಅಷ್ಟೆ. ಅದೂ ಕ್ಯಾನ್ಸಲ್ ಆದ ಎರಡನ್ನ ಸೇರಿಸ್ಕೊಂಡು. ಅವನ್ನ ಬಿಟ್ರೆ 4 ಸೇಲ್, 4,800 ರೂಪಾಯಿ, ಪೆಂಡಿಂಗ್ ಎರಡೂ ಅಪ್ರೂವ್ ಆದ್ರೂನೂ ನೀವು 11,130 ರೂಪಾಯಿ ಲಾಸಲ್ಲಿದೀರ.

ಈಗ ಹೊಟ್ಟೆ ಉರಿಯೋ ವಿಷ್ಯ. ನಮ್ಮ ಕಡೆ ಬೋರ್‌ವೆಲ್ ಕೊರೆಸೋವಾಗ 600 ಅಡಿಗೂ ನೀರು ಸಿಗ್ಲಿಲ್ಲ ಅಂದ್ರೆ ಇಷ್ಟು ದುಡ್ಡು ಹಾಕಿದೀವಲ್ಲ ಅಂತ ಇನ್ನೂ 200 ಅಡಿ ಇಳಿಸ್ತಾರೆ, ಕೆಳಗೆ ನೀರಿದೆ ಅನ್ನೋಕೆ ಹೊಸ ಸುಳಿವೇನೂ ಇರಲ್ಲ. ನಿಮ್ಮ ಪ್ರಶ್ನೆನೂ ಹಂಗೇ ಇದೆ. ಹೋಗಿರೋ 15,930 ನಿಲ್ಸಿದ್ರೂ ವಾಪಸ್ ಬರಲ್ಲ, ಮುಂದುವರಿಸಿದ್ರೂ ಬರಲ್ಲ. ಇವತ್ತು ಕೇಳ್ಕೋಬೇಕಾಗಿರೋದು ಒಂದೇ, ನಾಳೆ ಹಾಕೋ 1,200 ರೂಪಾಯಿ ಕನಿಷ್ಠ 1,200 ಆಗಿ ವಾಪಸ್ ಬರತ್ತೆ ಅನ್ನೋಕೆ ನನ್ನ ಹತ್ರ ಏನಾದ್ರೂ ಆಧಾರ ಇದೆಯಾ? ಇಲ್ಲ ಅಂದ್ರೆ ನಿಲ್ಸೋದು.

ಆದ್ರೆ ನಿಮ್ಮ ಕೇಸಲ್ಲಿ ನಂಗೆ ಇಂಟ್ರೆಸ್ಟಿಂಗ್ ಅನ್ಸಿದ್ದು 210 ಅನ್ನೋ ನಂಬರ್. ಗೂಗಲ್ ನಿಮ್ಮ ಪೇಜಿಗೆ 900 ಕ್ಲಿಕ್ ಕಳ್ಸಿದೆ, ಅದ್ರಲ್ಲಿ 210 ಮಾತ್ರ ದಾಟಿ ಕಂಪನಿ ಸೈಟಿಗೆ ಹೋಗಿದೆ. ಹೋದ 210ರಲ್ಲಿ 6 ಸೇಲ್, ಅಂದ್ರೆ 35ಕ್ಕೆ ಒಂದು. ಹಂಗಾದ್ರೆ ಕಂಪನಿ ಆಫರ್ ಅಷ್ಟು ಕೆಟ್ಟದಿಲ್ಲ, ಸೋರ್ತಿರೋದು ಅದಕ್ಕಿಂತ ಮುಂಚೆ: ಅರ್ಧ ತಪ್ಪು ಜನದಿಂದ, ಇನ್ನರ್ಧ ನಿಮ್ಮ ಪೇಜಿಂದ. ಮೊದಲು ಪೇಜ್ ಮೊಬೈಲಲ್ಲಿ ಎಷ್ಟೊತ್ತಿಗೆ ಓಪನ್ ಆಗತ್ತೆ, ಲಿಂಕ್ ಎಲ್ಲಿದೆ, ಅದನ್ನ ಒತ್ತಿದ್ರೆ ನಿಮ್ಮ ಐಡಿ ಸಮೇತ ಸರಿಯಾದ ಜಾಗಕ್ಕೆ ಹೋಗತ್ತಾ ನೋಡಿ (ನೋಡಿ ಅಂದೆ, ನಿಮ್ಮ ಲಿಂಕಿಂದ ನೀವೇ ಖರೀದಿ ಮಾಡ್ಬೇಡಿ, ಬಹಳಷ್ಟು ಪ್ರೋಗ್ರಾಮಲ್ಲಿ ಅದು ನಿಯಮಕ್ಕೆ ವಿರುದ್ಧ). ಟ್ರ್ಯಾಕಿಂಗ್ (ಸೇಲ್ ಯಾರ ಲಿಂಕಿಂದ ಬಂತು ಅಂತ ಹಿಡಿಯೋ ವ್ಯವಸ್ಥೆ) ಕೆಟ್ಟಿರೋ ಕ್ಯಾಂಪೇನನ್ನ ಲಾಸ್ ಅಂತ ಮುಚ್ಚಿದವ್ರೂ ಇದಾರೆ, ಅದಕ್ಕೇ ಈ ಚೆಕ್ ಯಾವಾಗ್ಲೂ ಮೊದಲು.

ಆಮೇಲೆ ಆ 400 ಕ್ಲಿಕ್. ಫ್ರೀ ಬೇಕು ಅನ್ನೋವ್ರು, ಈಗಾಗ್ಲೇ ಗಿರಾಕಿ ಆಗಿ ಲಾಗಿನ್ ಪೇಜ್ ಹುಡುಕೋವ್ರು ನಿಮ್ಗೆ ಸೇಲ್ ಕೊಡಲ್ಲ, ಆ ಪದಗಳನ್ನೆಲ್ಲ ನೆಗೆಟಿವ್ ಕೀವರ್ಡಿಗೆ (ಈ ಪದ ಹುಡುಕಿದವ್ರಿಗೆ ಆ್ಯಡ್ ತೋರಿಸ್ಬೇಡ ಅನ್ನೋ ಪಟ್ಟಿಗೆ) ಸೇರಿಸಿ. ಸೆಟ್ಟಿಂಗ್ಸಲ್ಲಿ ಡಿಸ್‌ಪ್ಲೇ ನೆಟ್‌ವರ್ಕ್ (ಸರ್ಚ್ ಬಿಟ್ಟು ಬೇರೆ ಸೈಟುಗಳಲ್ಲೂ ಆ್ಯಡ್ ತೋರಿಸೋದು) ಟಿಕ್ ಆಗಿದ್ರೆ ತೆಗೀರಿ, ಲೊಕೇಶನ್ ಆಪ್ಷನಲ್ಲಿ 'ಆ ಜಾಗದಲ್ಲಿ ಇರೋವ್ರು ಅಥ್ವಾ ಆಸಕ್ತಿ ಇರೋವ್ರು' ಅಂತ ಡಿಫಾಲ್ಟ್ ಇರತ್ತೆ, ಅದನ್ನ ಇರೋವ್ರು ಮಾತ್ರ ಅಂತ ಬದಲಾಯಿಸಿ. ಕ್ಯಾನ್ಸಲ್ ಆದ ಎರಡು ಸೇಲಿನ ಕಾರಣನೂ ಕೇಳಿ, ಗಿರಾಕಿ ರೀಫಂಡ್ ತಗೊಂಡ್ರಾ ಇಲ್ಲಾ ಕಂಪನಿ ಹೆಸರನ್ನೇ ಕೀವರ್ಡ್ ಮಾಡಿ ಆ್ಯಡ್ ಹಾಕಿದ್ದಕ್ಕೆ ರಿಜೆಕ್ಟ್ ಮಾಡಿದ್ರಾ ಅಂತ. ಬ್ರ್ಯಾಂಡ್ ಹೆಸರಿನ ಮೇಲೆ ಬಿಡ್ ಮಾಡೋದನ್ನ ತುಂಬಾ ಪ್ರೋಗ್ರಾಮ್‌ಗಳು ಒಪ್ಪಲ್ಲ, ಅಮೆಜಾನಿನ ಅಫಿಲಿಯೇಟ್ ಪ್ರೋಗ್ರಾಮ್ ಅಸೋಸಿಯೇಟ್ಸಲ್ಲಂತೂ ಸರ್ಚ್ ಆ್ಯಡಿಂದ ನೇರವಾಗಿ ಅವ್ರ ಸೈಟಿಗೆ ಜನ ಕಳ್ಸೋದೂ ನಿಷೇಧ.

ಇಲ್ಲೊಂದು ಎಚ್ಚರಿಕೆ ಹೇಳ್ಬೇಕು, ಇದ್ರಲ್ಲೇ ಜನ ಜಾಸ್ತಿ ಮೋಸ ಹೋಗೋದು. ರಿಪೋರ್ಟ್ ಮುಂದೆ ಇಟ್ಕೊಂಡು 'ಮಂಗಳವಾರ ಸೇಲಿಲ್ಲ, ಮಂಗಳವಾರ ತೆಗೀತೀನಿ, ಮೈಸೂರಿಂದ ಸೇಲಿಲ್ಲ, ಮೈಸೂರು ತೆಗೀತೀನಿ' ಅಂತ ಕತ್ತರಿಸ್ತಾ ಹೋದ್ರೆ ಯಾವ ಕೆಟ್ಟ ಕ್ಯಾಂಪೇನಾದ್ರೂ ಕಾಗದದ ಮೇಲೆ ಲಾಭದಲ್ಲಿರೋ ಹಾಗೆ ಕಾಣ್ಸತ್ತೆ, ಯಾಕಂದ್ರೆ ಸೇಲಿಲ್ಲದ ಭಾಗಾನ ಹುಡುಕಿ ತೆಗೆದು ಸೇಲಿರೋದನ್ನ ಮಾತ್ರ ಇಟ್ಕೊಂಡಿದೀರ. ಸೇಲ್ ಬಂದಿದೆಯೋ ಇಲ್ವೋ ಅಂತ ನೋಡೋಕ್ ಮುಂಚೆನೇ ತೆಗೀಬೇಕಿತ್ತು ಅಂತ ಹೇಳ್ಬಹುದಾದ್ದನ್ನ ಮಾತ್ರ ತೆಗೀರಿ. 'ಫ್ರೀ', 'ಲಾಗಿನ್' ಆ ಥರದ್ದು, ಮಂಗಳವಾರ ಅಲ್ಲ. ಮತ್ತೆ ಗಮನಿಸಿ, ಆ 400 ಕ್ಲಿಕ್ ಪೂರ್ತಿ ತೆಗೆದುಹಾಕಿ 6 ಸೇಲನ್ನೂ ಉಳಿದ 500ರ ಲೆಕ್ಕಕ್ಕೇ ಹಾಕಿದ್ರೂ ಅಸಲಿಗೆ ಏಳೂವರೆ ಸೇಲ್ ಬೇಕಿತ್ತು. ಅಂದ್ರೆ ಬರೀ ಕೀವರ್ಡ್ ಕ್ಲೀನ್ ಮಾಡಿದ್ರೆ ಸಾಲಲ್ಲ, ಪೇಜೂ ಸುಧಾರಿಸ್ಬೇಕು.

ಎರಡೂ ಮಾಡಿದ ಮೇಲೆ ಒಂದೇ ಒಂದು ಸಲ ಹೊಸ ಕ್ಯಾಂಪೇನಾಗಿ ಟ್ರೈ ಮಾಡಿ, ಹಳೇ ಲೆಕ್ಕ ಅದಕ್ಕೆ ಸೇರಿಸ್ಬೇಡಿ. ಬಜೆಟ್ ಎಷ್ಟು? ಮೂರು ಕಮಿಷನ್ನಿನಷ್ಟು, ತೆರಿಗೆ ಸೇರಿ 3,600. ಯಾಕೆ ಮೂರು ಅಂದ್ರೆ, ಅಸಲು ಹುಟ್ಟಿಸೋ ತಾಕತ್ತಿರೋ ಕ್ಯಾಂಪೇನಲ್ಲೂ ಒಂದು ಕಮಿಷನ್ನಿನಷ್ಟು ಖರ್ಚಾದಾಗ ಸೇಲ್ ಸೊನ್ನೆ ಇರೋ ಸಾಧ್ಯತೆ ನೂರಕ್ಕೆ 37. ಅಲ್ಲಿಗೇ ಹೆದರಿ ಬಿಟ್ರೆ ಒಳ್ಳೇದನ್ನೂ ಕೊಂದ್ಬಿಡ್ತೀರ. ಎರಡು ಕಮಿಷನ್ ಖರ್ಚಾದ್ರೆ ಆ ಸಾಧ್ಯತೆ 13-14ಕ್ಕೆ ಇಳಿಯತ್ತೆ, ಮೂರಾದಾಗ ಬರೀ 5. ಆದ್ರಿಂದ 3,600 ಖಾಲಿಯಾಗಿ ಒಂದೂ ಸೇಲ್ ಇಲ್ಲ ಅಂದ್ರೆ ಮುಚ್ಚಿಬಿಡಿ, ಇನ್ನು ವಾದ ಬೇಡ. ಒಂದೋ ಎರಡೋ ಬಂದ್ರೆ ಇನ್ನೊಂದು 3,600 ಹಾಕಿ, ಒಟ್ಟು 7,200 ಆದಾಗ 6 ಸೇಲ್ ಇರ್ಬೇಕು, ಎರಡೇ ಇದ್ರೆ ಅಲ್ಲಿಗೆ ಮುಗೀತು. ನಾಲ್ಕೈದು ಬಂದಿದ್ರೆ ಅದು ಕಷ್ಟದ ಜಾಗ, ನಂಬರ್ ನಿಮ್ಗೆ ಉತ್ತರ ಕೊಡಲ್ಲ, ಆಗ ನಿಮ್ಮ ರಾತ್ರಿ ನಿದ್ದೆ ಬಿಟ್ಟ ಗಂಟೆಗಳನ್ನ ಲೆಕ್ಕಕ್ಕೆ ಹಾಕಿ. ನಾನಾದ್ರೆ ಅಂಥದ್ದನ್ನ ಬಿಟ್ಟು ಬೇರೆ ಆಫರ್ ಹುಡುಕ್ತೀನಿ, ಯಾಕಂದ್ರೆ ಅಫಿಲಿಯೇಟಲ್ಲಿ ಕಮಿಷನ್ ಎಷ್ಟು ಅನ್ನೋದು ನಿಮ್ಮ ಕೈಲಿಲ್ಲ, ಕಂಪನಿ ಒಂದು ದಿನ ಕಮಿಷನ್ ಇಳಿಸಿದ್ರೆ ಮುಂದೆ ಬರ್ಬಹುದಾದ ಸಣ್ಣ ಲಾಭನೂ ಹೋಗತ್ತೆ.

ಕಮಿಷನಲ್ಲಿ ಟಿಡಿಎಸ್ ಹಿಡೀತಾರಲ್ಲ, 2024ರ ಅಕ್ಟೋಬರಿಂದ ಅದು 5% ಇದ್ದದ್ದು 2% ಆಗಿದೆ, ಅದನ್ನ ಲಾಸ್ ಅಂತ ಸೇರಿಸ್ಬೇಡಿ, ರಿಟರ್ನ್ ಫೈಲ್ ಮಾಡಿದಾಗ ನಿಮ್ಮ ತೆರಿಗೆಗೆ ಹೊಂದಾಣಿಕೆ ಆಗತ್ತೆ.

ಪ್ರಶ್ನೆ: ಸರ್ ನಮಸ್ಕಾರ್ರೀ, ನಾ ಹುಬ್ಬಳ್ಳಿಯಿಂದ. ಒಂದು ಸ್ಕಿನ್ ಕೇರ್ ಕಂಪನಿ ಕ್ರೀಮಿಗೆ ಇನ್‌ಸ್ಟಾಗ್ರಾಂದಾಗ ಆ್ಯಡ್ ಹಾಕ್ತೀನಿ, ದಿನಕ್ಕ 300 ರೂಪಾಯಿ, ಕಮಿಷನ್ 150. ಎರಡು ದಿನ ನೋಡಿ ಸೇಲ್ ಬರ್ಲಿಲ್ಲಂದ್ರ ಬಂದ್ ಮಾಡಿಬಿಡ್ತೀನ್ರೀ. ನಮ್ಮ ಗೆಳ್ಯಾ ಲರ್ನಿಂಗ್ ಫೇಸ್ (ಆ್ಯಡ್ ಯಾರಿಗೆ ತೋರಿಸ್ಬೇಕಂತ ಸಿಸ್ಟಂ ಕಲಿಯೂ ಹೊತ್ತು) ಮುಗಿಯೂತನಕ ಮುಟ್ಟಬ್ಯಾಡ ಅಂತಾನ. ಯಾರದು ಖರೇ?

ಉತ್ತರ: ನಿಮ್ದೇ ಖರೇ, ಆದ್ರೆ ಸ್ವಲ್ಪ ತಿದ್ದಬೇಕು. ದಿನ ಎಣಿಸ್ಬೇಡಿ, ದುಡ್ಡು ಎಣಿಸಿ. ಎರಡು ದಿನಕ್ಕೆ 600, ಜಿಎಸ್‌ಟಿ ಸೇರಿ 708, ಅಂದ್ರೆ ನಾಲ್ಕೂವರೆ ಕಮಿಷನ್ನಿಗಿಂತ ಜಾಸ್ತಿ. ಅಷ್ಟಾದ್ರೂ ಸೊನ್ನೆ ಅಂದ್ರೆ, ಅಸಲು ಹುಟ್ಟಿಸೋ ಆ್ಯಡಿಗೆ ಹಂಗಾಗೋದು ನೂರಕ್ಕೆ ಒಂದು ಸಲ. ಹಾಗಾಗಿ ನೀವು ಅವಸರ ಮಾಡ್ತಿಲ್ಲ. ಒಂದೇ ಮಾತು, ಖರ್ಚು ನಿಲ್ಸಿ ನಾಲ್ಕೈದು ದಿನ ಬಿಟ್ಟು ಡ್ಯಾಶ್‌ಬೋರ್ಡ್ ನೋಡಿ ಆಮೇಲೆ ಕೊನೇ ತೀರ್ಮಾನ ಮಾಡಿ, ಇವತ್ತು ಒತ್ತಿದವ್ರು ಮೂರು ದಿನ ಬಿಟ್ಟು ತಗೋತಾರೆ, ಡ್ಯಾಶ್‌ಬೋರ್ಡೂ ತಡ ಮಾಡತ್ತೆ. ಹಾಗೇ ಕ್ಯಾಶ್ ಆನ್ ಡೆಲಿವರಿ ಆರ್ಡರ್ ಬಂತು ಅಂತ ಕುಣೀಬೇಡಿ, ಮನೆ ಬಾಗಿಲಲ್ಲಿ ಬೇಡ ಅಂದು ವಾಪಸ್ ಹೋದ್ರೆ ಆ ಕಮಿಷನ್ ನಿಮ್ಗಿಲ್ಲ.

ನಿಮ್ಮ ಗೆಳೆಯರು ಹೇಳೋ ಲರ್ನಿಂಗ್ ಫೇಸ್ ಸುಳ್ಳಲ್ಲ, ಆದ್ರೆ ನಿಮ್ಗೆ ಅನ್ವಯ ಆಗಲ್ಲ. ಇನ್‌ಸ್ಟಾಗ್ರಾಂ ನಡೆಸೋ ಮೆಟಾ ಕಂಪನಿ ಪ್ರಕಾರ ಒಂದು ಆ್ಯಡ್ ಸೆಟ್ಟಿಗೆ (ಆ್ಯಡ್‌ಗಳ ಒಂದು ಗುಂಪಿಗೆ) ವಾರದಲ್ಲಿ ಸುಮಾರು 50 ರಿಸಲ್ಟ್ ಬಂದ್ರೆ ಅದು ಮುಗಿಯತ್ತೆ. ಖರೀದಿನೇ ರಿಸಲ್ಟ್ ಅಂತ ಇಟ್ಕೊಂಡ್ರೆ, ಒಂದೊಂದು ಸೇಲ್ 150ಕ್ಕೇ ಸಿಕ್ಕಿದ್ರೂ 50ಕ್ಕೆ ವಾರಕ್ಕೆ 7,500 ಬೇಕು, ನಿಮ್ಮದು 2,100. ಎಷ್ಟು ವಾರ ಕಾದ್ರೂ ಮುಗಿಯಲ್ಲ. ಅದಕ್ಕಿಂತ ದೊಡ್ಡ ಸಮಸ್ಯೆ ಬೇರೆ ಇದೆ: ಕಂಪನಿ ಸೈಟಲ್ಲಿ ನಿಮ್ಮ ಪಿಕ್ಸೆಲ್ (ಖರೀದಿ ಆಯ್ತು ಅಂತ ಮೆಟಾಗೆ ತಿಳಿಸೋ ಚಿಕ್ಕ ಕೋಡ್) ಇಲ್ಲ, ಯಾರು ಖರೀದಿ ಮಾಡಿದ್ರು ಅಂತ ಮೆಟಾಗೆ ಗೊತ್ತೇ ಆಗಲ್ಲ. ಅದಕ್ಕೆ ಕಾಣೋದು ಲಿಂಕ್ ಒತ್ತಿದ್ದು ಮಾತ್ರ, ಹಾಗಾಗಿ ಅದು ಕಲಿಯೋದೂ ಲಿಂಕ್ ಒತ್ತೋ ಜನಾನ ಹುಡುಕೋದನ್ನ, ಕ್ರೀಮ್ ಕೊಳ್ಳೋ ಜನಾನ ಅಲ್ಲ. ಕ್ಲಿಕ್ ಅಗ್ಗ ಆಗ್ತಾ ಹೋಗತ್ತೆ, ಸೇಲ್ ಬರಲ್ಲ, 'ಲರ್ನ್ ಆಗ್ತಿದೆ' ಅನ್ಸತ್ತೆ. ಕಂಪನಿಯವ್ರನ್ನ ಕೇಳಿ, ಪೋಸ್ಟ್‌ಬ್ಯಾಕ್ (ಸೇಲ್ ಆದ ಸುದ್ದಿಯನ್ನ ಅವ್ರ ಸಿಸ್ಟಮ್ಮಿಂದ ವಾಪಸ್ ಕಳ್ಸೋದು) ಕೊಡ್ತಾರಾ ಅಂತ. ಕೊಡಲ್ಲ ಅಂದ್ರೆ ಮೂರು ಕಮಿಷನ್ನಿನ ಗೆರೆ ಹಾಕ್ಕೊಂಡು ನಿಮ್ಮ ಪಾಡಿಗೆ ನೀವು ನಡೀರಿ.

ಪ್ರಶ್ನೆ: ಹೆಸರು ಹಾಕ್ಬೇಡಿ, ಮೈಸೂರು. ನನ್ನ ತಮ್ಮ ಯಾವುದೋ ಫೈನಾನ್ಸ್ ಆ್ಯಪ್ ಪ್ರಮೋಟ್ ಮಾಡ್ತೀನಿ ಅಂತ ಕ್ರೆಡಿಟ್ ಕಾರ್ಡಿಂದ ಆ್ಯಡಿಗೆ ದುಡ್ಡು ಸುರೀತಿದಾನೆ, ಕಾರ್ಡ್ ಬಾಕಿ 80,000 ಆಗಿದೆ. ಅವನು ಸೇರಿರೋ ಕೋರ್ಸಿನವ್ರು 'ಬಜೆಟ್ ಡಬಲ್ ಮಾಡು, ಸ್ಕೇಲ್ ಆದ್ರೆ ಲಾಭ' ಅಂತಿದಾರಂತೆ. ಏನಾದ್ರೂ ಹೇಳಿದ್ರೆ ರೇಗ್ತಾನೆ. ಅಪ್ಪ ಅಮ್ಮಂಗೆ ಇನ್ನೂ ಗೊತ್ತಿಲ್ಲ.

ಉತ್ತರ: ಮೇಡಂ, ನಿಮ್ಮ ಆತಂಕ ಸರಿಯಾಗಿದೆ, ಇದನ್ನ ಮುಂದಕ್ಕೆ ಹಾಕ್ಬೇಡಿ. ನೂರು ರೂಪಾಯಿ ಹಾಕಿ ಎಂಬತ್ತು ಬರ್ತಿದ್ರೆ ಇನ್ನೂರು ಹಾಕಿದ್ರೆ ನೂರಅರವತ್ತು ಬರತ್ತೆ, ಲಾಸ್ ಡಬಲ್ ಆಗತ್ತೆ ಅಷ್ಟೆ, ಸಾಮಾನ್ಯವಾಗಿ ಅದಕ್ಕಿಂತ ಕೆಟ್ಟದ್ದೇ ಆಗತ್ತೆ ಯಾಕಂದ್ರೆ ಬಜೆಟ್ ಏರಿಸಿದ ಹಾಗೆ ಆಸಕ್ತಿ ಕಮ್ಮಿ ಇರೋ ಜನರನ್ನೂ ಹುಡುಕ್ಕೊಂಡು ಹೋಗ್ಬೇಕಾಗತ್ತೆ. ಸ್ಕೇಲ್ ಮಾಡೋದು ಸಣ್ಣದಾಗಿ ಲಾಭ ಬರ್ತಿರೋದನ್ನ ಮಾತ್ರ.

ಇನ್ನು ಕಾರ್ಡ್. ಬಾಕಿ ಉಳಿಸ್ಕೊಂಡ್ರೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಆಸುಪಾಸು ಬಡ್ಡಿ ಹಾಕೋ ಕಾರ್ಡ್‌ಗಳು ಬೇಕಾದಷ್ಟಿವೆ, ವರ್ಷಕ್ಕೆ 40 ದಾಟತ್ತೆ. ಅತ್ತ ಕಮಿಷನ್ ಅಪ್ರೂವ್ ಆಗಿ ಕೈಗೆ ಬರೋಕೆ ಎಷ್ಟೋ ಕಡೆ ಎರಡು ಮೂರು ತಿಂಗಳು ಹಿಡಿಯತ್ತೆ. ಕಾರ್ಡ್ ಬಿಲ್ ಅಷ್ಟು ದಿನ ಕಾಯಲ್ಲ. ಹಾಗಾಗಿ ಲಾಭದಲ್ಲಿರೋ ಕ್ಯಾಂಪೇನನ್ನ ಕೂಡ ಕಾರ್ಡ್ ಬಾಕಿ ಮೇಲೆ ನಡೆಸ್ಬಾರ್ದು, ಲಾಸಲ್ಲಿರೋದನ್ನಂತೂ ಕೇಳ್ಲೇಬೇಡಿ.

ತಮ್ಮನ ಹತ್ರ ಮಾತಾಡೋವಾಗ 'ದುಡ್ಡು ಹಾಳು ಮಾಡ್ದೆ' ಅಂತ ಶುರು ಮಾಡ್ಬೇಡಿ, ಅವನಿಗೂ ರಾತ್ರಿ ನಿದ್ದೆ ಬರ್ತಿರಲ್ಲ, ನಾಚಿಕೆಗೇ ರೇಗ್ತಿರೋದು. ಪಕ್ಕದಲ್ಲಿ ಕೂತು ಮೂರೇ ನಂಬರ್ ಕೇಳಿ: ತೆರಿಗೆ ಸೇರಿ ಒಟ್ಟು ಖರ್ಚೆಷ್ಟು, ಅಪ್ರೂವ್ ಆದ ಕಮಿಷನ್ ಎಷ್ಟು, ಬ್ಯಾಂಕಿಗೆ ನಿಜವಾಗ್ಲೂ ಬಿದ್ದಿದ್ದೆಷ್ಟು. ಪೆಂಡಿಂಗ್ ತೋರಿಸಿದ್ರೆ ಅದು ಇನ್ನೂ ದುಡ್ಡಲ್ಲ ಅಂತ ಮೆತ್ತಗೆ ಹೇಳಿ. ಅವನೇ ಕೈಯಾರೆ ಬರೆದ ಲೆಕ್ಕ ಅವನ ಹತ್ರ ಜಗಳ ಆಡಲ್ಲ. ಮನೆಯವ್ರಿಗೆ ಅವನೇ ಹೇಳ್ಲಿ, ನೀವು ಜೊತೆಗಿರಿ. 80,000ವನ್ನ ಬ್ಯಾಂಕಲ್ಲಿ ಕೇಳಿ ಇಎಂಐಗೆ ಬದಲಾಯಿಸ್ಕೊಂಡ್ರೆ ಸಾಮಾನ್ಯವಾಗಿ ಬಡ್ಡಿ ಕಮ್ಮಿಯಾಗತ್ತೆ.

ಅವನು ಒಪ್ಪಿದ ದಿನ ಆ್ಯಡ್ ನಡೆಸೋ ಆ್ಯಪನ್ನ ಫೋನಿಂದ ಡಿಲೀಟ್ ಮಾಡಿ ಸುಮ್ನಾಗ್ಬೇಡಿ, ಅದ್ರಿಂದ ಆ್ಯಡ್ ನಿಲ್ಲಲ್ಲ. ಎಲ್ಲಾ ಕ್ಯಾಂಪೇನನ್ನೂ ಆ್ಯಡ್ ಅಕೌಂಟೊಳಗೇ ಪಾಝ್ ಮಾಡ್ಬೇಕು (ತಡೆದು ನಿಲ್ಲಿಸ್ಬೇಕು). ಪಾಝ್ ಮಾಡಿದ ಮೇಲೂ ಅಲ್ಲೀವರೆಗೆ ಆದ ಖರ್ಚಿನ ಬಾಕಿ ಕಾರ್ಡಿಂದ ಇನ್ನೊಂದು ಸಲ ಕಟ್ ಆಗ್ಬಹುದು, ಅದನ್ನ ನೋಡಿ ಗಾಬರಿಯಾಗ್ಬೇಡಿ, ಆ ಬಿಲ್ ತೀರಿದ್ದು ಖಾತ್ರಿ ಮಾಡ್ಕೊಂಡು ಆಮೇಲೆ ಅಕೌಂಟ್ ಕ್ಲೋಸ್ ಮಾಡ್ಸಿ.