ಐವರು ಗಂಡುಮಕ್ಕಳಿದ್ದೂ ಮಾರ್ಷಲ್ ಮನೆತನ ಅಳಿದದ್ದು ಹೇಗೆ?

ನೀವು ಕೇಳಿರುವುದು ಇಷ್ಟು: ಪೆಂಬ್ರೋಕಿನ ಅರ್ಲ್ (ಇಂಗ್ಲೆಂಡಿನ ದೊಡ್ಡ ಸರದಾರರ ಒಂದು ಪದವಿ) ವಿಲಿಯಂ ಮಾರ್ಷಲನಿಗೆ ಐವರು ಗಂಡುಮಕ್ಕಳಿದ್ದರೂ ಅವನ ವಂಶ ಒಂದೇ ತಲೆಮಾರಿಗೆ ನಿಂತುಹೋಯಿತು ಎಂದು ಒಂದು ಕಡೆ ಓದಿದ್ದೀರಿ, ಇಂಗ್ಲೆಂಡಿನ ಅರಸರೇ ಅವನ ಸಂತತಿಯವರು ಎಂದು ಇನ್ನೊಂದು ಕಡೆ ಓದಿದ್ದೀರಿ. ಇವುಗಳಲ್ಲಿ ಯಾವುದು ನಿಜ, ಮತ್ತು ಇಂದು ಮಾರ್ಷಲ್ ಎಂಬ ಅಡ್ಡಹೆಸರಿನವರು ಆ ಮನೆತನಕ್ಕೆ ಸೇರಿದವರೇ ಎಂಬುದು ನಿಮ್ಮ ಪ್ರಶ್ನೆ. ಎರಡು ಹೇಳಿಕೆಗಳೂ ನಿಜವೇ. ನಿಂತುಹೋದದ್ದು ಗಂಡುಸಂತತಿ, ಅದರೊಂದಿಗೆ ಹೆಸರು ಮತ್ತು ಪದವಿ. ಮುಂದುವರಿದದ್ದು ಐವರು ಹೆಣ್ಣುಮಕ್ಕಳ ಸಂತತಿ. ಮಧ್ಯಯುಗದ ಇಂಗ್ಲೆಂಡಿನ ವಂಶಾವಳಿಗಳನ್ನು ಓದುವಾಗ ಅಡ್ಡಹೆಸರನ್ನು ಹಿಂಬಾಲಿಸಿದರೆ ದಾರಿ ಬೇಗ ಮುಚ್ಚಿಹೋಗುತ್ತದೆ, ಜಮೀನು ಯಾರ ಕೈಗೆ ಹೋಯಿತೆಂದು ಹಿಂಬಾಲಿಸಿದರೆ ಮಾತ್ರ ಮುಂದೆ ಸಾಗಬಹುದು ಎಂಬುದು ನನ್ನ ಅಭಿಪ್ರಾಯ; ಇದಕ್ಕೆ ಮಾರ್ಷಲ್ ಮನೆತನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಮೊದಲು ಈ ಆಸ್ತಿ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ವಿಲಿಯಂ ಹುಟ್ಟಿದ್ದು 1147ರ ಆಸುಪಾಸಿನಲ್ಲಿ, ಜಾನ್ ಮಾರ್ಷಲ್ ಎಂಬ ಮಧ್ಯಮ ದರ್ಜೆಯ ಸರದಾರನ ನಾಲ್ಕನೆಯ ಮಗನಾಗಿ. ತಂದೆಯ ಆಸ್ತಿಯಲ್ಲಿ ಅವನಿಗೆ ಹೇಳಿಕೊಳ್ಳುವಂಥದ್ದೇನೂ ದಕ್ಕುವಂತಿರಲಿಲ್ಲ. 1152ರಲ್ಲಿ ಸ್ಟೀಫನ್ ರಾಜ ನ್ಯೂಬರಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಈ ಹುಡುಗನನ್ನು ಒತ್ತೆಯಾಗಿ ಇಟ್ಟುಕೊಂಡಿದ್ದ. ಜಾನ್ ಮಾತಿಗೆ ತಪ್ಪಿದ ಮೇಲೆ ಹುಡುಗನನ್ನು ನೇಣಿಗೆ ಹಾಕುವುದಾಗಿ ಬೆದರಿಸಿದಾಗ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಮಾಡಿಕೊಳ್ಳಲು ಬೇಕಾದ ಸುತ್ತಿಗೆ, ಅಡಿಗಲ್ಲು ತನ್ನ ಬಳಿ ಇವೆ ಎಂದು ತಂದೆ ಉತ್ತರ ಕಳುಹಿಸಿದನಂತೆ. ರಾಜನಿಗೆ ಮನಸ್ಸು ಬಾರದೆ ಹುಡುಗ ಉಳಿದ. ಮುಂದೆ ಅವನು ಪಂದ್ಯದ ಕಾಳಗಗಳಲ್ಲಿ ಹೆಸರು ಮಾಡಿ, ಒಬ್ಬರ ನಂತರ ಒಬ್ಬರಂತೆ ಅರಸರ ಸೇವೆಯಲ್ಲಿ ಮೇಲೇರಿದ. ಆದರೂ ಅವನು ನಿಜವಾದ ಅರ್ಥದಲ್ಲಿ ದೊಡ್ಡ ಜಹಗೀರುದಾರನಾದದ್ದು 1189ರಲ್ಲಿ, ನಲವತ್ತು ದಾಟಿದ ಮೇಲೆ, ಇಸಬೆಲ್ ಡಿ ಕ್ಲೇರ್ ಎಂಬ ಹದಿಹರೆಯದ ವಾರಸುದಾರಳನ್ನು ಮದುವೆಯಾದಾಗ.

ಇಸಬೆಲ್‌ಳ ತಂದೆ ‘ಸ್ಟ್ರಾಂಗ್‌ಬೋ’ ಎಂದು ಖ್ಯಾತನಾದ ರಿಚರ್ಡ್ ಡಿ ಕ್ಲೇರ್; ತಾಯಿ ಐರ್ಲೆಂಡಿನ ಲೆನ್‌ಸ್ಟರ್ ರಾಜ ಡರ್ಮಟ್ ಮ್ಯಾಕ್‌ಮರೋನ ಮಗಳು ಈಫಾ. ಸ್ಟ್ರಾಂಗ್‌ಬೋ 1176ರಲ್ಲಿ ತೀರಿಕೊಂಡ. ಇಸಬೆಲ್‌ಳ ತಮ್ಮ ಪ್ರಾಯಕ್ಕೆ ಬರುವ ಮೊದಲೇ ಸತ್ತ. ಹಾಗಾಗಿ ವೇಲ್ಸಿನ ಚೆಪ್‌ಸ್ಟೋ, ಲೆನ್‌ಸ್ಟರಿನ ಇಡೀ ಸೀಮೆ, ಪೆಂಬ್ರೋಕಿನ ಮೇಲಿನ ಹಕ್ಕು ಎಲ್ಲವೂ ಈ ಒಬ್ಬ ಹುಡುಗಿಯ ಪಾಲಿಗೆ ಬಂದವು. ಪೆಂಬ್ರೋಕಿನ ಅರ್ಲ್ ಪದವಿಯನ್ನು ಜಾನ್ ರಾಜ 1199ರಲ್ಲಿ ವಿಲಿಯಂಗೆ ಕೊಟ್ಟ. ನಾವು ಮಾರ್ಷಲ್ ಆಸ್ತಿ ಎಂದು ಕರೆಯುವುದರ ಬಹುಭಾಗ ಹೀಗೆ ಹೆಂಡತಿಯ ತವರಿನದು. ಹೆಣ್ಣಿನ ಮೂಲಕ ಬಂದದ್ದು ಅರ್ಧ ಶತಮಾನದ ಬಳಿಕ ಹೆಣ್ಣುಮಕ್ಕಳ ಮೂಲಕವೇ ಹಂಚಿಹೋಯಿತು ಎಂಬುದನ್ನು ಅನೇಕ ಬರಹಗಳು ಏಕೋ ಗಮನಿಸುವುದೇ ಇಲ್ಲ.

ವಿಲಿಯಂ 1216ರಿಂದ ಬಾಲಕ ಮೂರನೆಯ ಹೆನ್ರಿಯ ಪರವಾಗಿ ರಾಜ್ಯಭಾರ ನಡೆಸಿ, 1217ರ ಲಿಂಕನ್ ಕಾಳಗವನ್ನು ಗೆದ್ದು, 1219ರ ಮೇ 14ರಂದು ಥೇಮ್ಸ್ ದಂಡೆಯ ಕ್ಯಾವರ್‌ಶಮ್‌ನಲ್ಲಿ ಕಣ್ಣುಮುಚ್ಚಿದ. ಅವನ ಹಿರಿಯ ಮಗ ಬರೆಯಿಸಿದ, ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಫ್ರೆಂಚ್ ಪದ್ಯಚರಿತ್ರೆಯೊಂದು ಉಳಿದುಬಂದಿದೆ. ಅದರಲ್ಲಿ ಅವನ ಕೊನೆಯ ದಿನಗಳ ವಿವರ ದೀರ್ಘವಾಗಿದೆ. ಹಾಡಬೇಕೆಂದು ಆಸೆಯಾಗಿದೆ, ಆದರೆ ಜನ ಬುದ್ಧಿಭ್ರಮಣೆ ಎಂದಾರು ಎಂದು ಮುದುಕ ಹೇಳುತ್ತಾನೆ. ಹಾಗಾದರೆ ಹೆಣ್ಣುಮಕ್ಕಳು ಹಾಡಲಿ ಎಂದು ಅವರನ್ನು ಕರೆಯಿಸುತ್ತಾರೆ. ಹಿರಿಯಳಾದ ಮಟಿಲ್ಡಾ ದುಃಖ ನುಂಗಿಕೊಂಡು ಹಾಡುತ್ತಾಳೆ. ಕಿರಿಯಳಾದ ಜೋನ್ ಸಂಕೋಚದಿಂದ ಹಾಡಿದಾಗ ತಂದೆ ಹಾಗಲ್ಲ ಹೀಗೆ ಎಂದು ತಿದ್ದಿ ಹೇಳಿಕೊಡುತ್ತಾನೆ. ಅಷ್ಟರಲ್ಲಿ ಜೋನ್ ಒಬ್ಬಳನ್ನು ಬಿಟ್ಟು ಉಳಿದ ನಾಲ್ವರಿಗೂ ಮದುವೆಯಾಗಿತ್ತು, ಅವಳ ಚಿಂತೆ ಅವನನ್ನು ಕಾಡುತ್ತಿತ್ತು. ಗಂಡುಮಕ್ಕಳಲ್ಲಿ ಹಿರಿಯನಿಗೆ ಮುಖ್ಯ ಆಸ್ತಿ, ರಿಚರ್ಡ್‌ಗೆ ನಾರ್ಮಂಡಿಯ ಜಮೀನು, ವಾಲ್ಟರ್‌ಗೆ ಗುಡ್‌ರಿಚ್ ಕೋಟೆ. ಗಿಲ್ಬರ್ಟ್ ಚರ್ಚಿನ ಸೇವೆಗೆ ಮೀಸಲು. ಕಿರಿಯ ಆನ್ಸೆಲ್ಮ್ ತನ್ನಂತೆಯೇ ಸ್ವಂತ ಬಲದಿಂದ ಮೇಲೆ ಬರಲಿ ಎಂದು ಅವನಿಗೆ ಮೊದಲು ಏನನ್ನೂ ಇಡದೆ, ಆಪ್ತನೊಬ್ಬ ಒತ್ತಾಯಿಸಿದ ಮೇಲೆ ಲೆನ್‌ಸ್ಟರಿನಲ್ಲಿ ಒಂದಿಷ್ಟು ಜಮೀನು ಕೊಟ್ಟ. ಐವರಲ್ಲಿ ಯಾರಿಗೂ ಮಕ್ಕಳಾಗಲಾರವು ಎಂಬ ಸುಳಿವು ಆಗ ಯಾರಿಗೂ ಇರಲಿಲ್ಲ.

ಮುಂದಿನ 26 ವರ್ಷಗಳಲ್ಲಿ ಐವರೂ ಒಬ್ಬರ ಬೆನ್ನಿಗೆ ಒಬ್ಬರು ಅಧಿಕಾರಕ್ಕೆ ಬಂದು ಮಡಿದರು. ಹಿರಿಯ ಮಗನಾದ ಎರಡನೆಯ ವಿಲಿಯಂ 1224ರಲ್ಲಿ ಮದುವೆಯಾದದ್ದು ರಾಜನ ತಂಗಿ ಎಲಿನರ್‌ಳನ್ನು. ಆಗ ಅವಳಿಗೆ ಒಂಬತ್ತರ ಸುಮಾರು ವಯಸ್ಸು. 1231ರಲ್ಲಿ ಅವನು ಸತ್ತಾಗ ಅವಳಿಗಿನ್ನೂ ಹದಿನಾರರ ಆಸುಪಾಸು. ಅವನ ತಮ್ಮ ರಿಚರ್ಡ್, ರಾಜ ಮೂರನೆಯ ಹೆನ್ರಿಯ ವಿರುದ್ಧ ಬಂಡೆದ್ದು, 1234ರ ಏಪ್ರಿಲ್‌ನಲ್ಲಿ ಕಿಲ್ಡೇರಿನ ಕುರಾಹ್ ಬಯಲಿನಲ್ಲಿ ಗಾಯಗೊಂಡು ಎರಡು ವಾರಗಳ ಬಳಿಕ ಸತ್ತ. ಚರ್ಚಿಗೆ ಹೋಗಬೇಕಿದ್ದ ಗಿಲ್ಬರ್ಟ್ ಅಣ್ಣಂದಿರ ಸಾವಿನಿಂದಾಗಿ ಅರ್ಲ್ ಆಗಿ, 1241ರಲ್ಲಿ ಹರ್ಟ್‌ಫರ್ಡ್ ಬಳಿಯ ಪಂದ್ಯದಲ್ಲಿ ಕುದುರೆಯ ಲಗಾಮು ಕಿತ್ತುಬಂದು ಕೆಳಗೆ ಬಿದ್ದು ರಿಕಾಪಿಗೆ ಸಿಕ್ಕಿಕೊಂಡು ಎಳೆದಾಡಲ್ಪಟ್ಟು ಪ್ರಾಣಬಿಟ್ಟ. ವಾಲ್ಟರ್ 1245ರ ನವೆಂಬರ್‌ನಲ್ಲಿ, ಆನ್ಸೆಲ್ಮ್ ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಇದಕ್ಕೆ ಶಾಪವೇ ಕಾರಣ ಎಂಬ ಕಥೆಯನ್ನು ನೀವೂ ಓದಿರಬಹುದು. ಐರ್ಲೆಂಡಿನ ಫರ್ನ್ಸ್ ಪೀಠದ ಬಿಷಪ್‌ನಿಂದ ಮಾರ್ಷಲ್ ಎರಡು ಜಹಗೀರುಗಳನ್ನು ಕಸಿದುಕೊಂಡಿದ್ದನಂತೆ, ಮಕ್ಕಳು ಅವನ್ನು ಹಿಂತಿರುಗಿಸಲು ಒಪ್ಪದಿದ್ದಾಗ ಒಂದೇ ತಲೆಮಾರಿನಲ್ಲಿ ಈ ಹೆಸರು ನಿರ್ನಾಮವಾಗಲಿ ಎಂದು ಬಿಷಪ್ ಶಪಿಸಿದನಂತೆ. ಇದನ್ನು ದಾಖಲಿಸಿದವನು ಸೇಂಟ್ ಆಲ್ಬನ್ಸ್ ಮಠದ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್. ಜಗಳ ನಡೆದದ್ದು ನಿಜ. ಆದರೆ ಫಲ ಕಣ್ಣಮುಂದೆ ಇರುವಾಗ ಶಾಪದ ಮಾತುಗಳು ಎಷ್ಟು ಕರಾರುವಾಕ್ಕಾಗಿ ನೆನಪಿಗೆ ಬರುತ್ತವೆ ಎಂಬುದನ್ನು ಯೋಚಿಸಿ. ಎಳೆಯ ಹೆಂಡತಿ, ತಡವಾದ ಮದುವೆಗಳು, ಯುದ್ಧ, ಪಂದ್ಯದ ಅಪಘಾತ, ಕೊನೆಯ ಇಬ್ಬರ ಅಲ್ಪಾವಧಿ ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗಂತೂ ಬೇರೆ ಕಾರಣ ಬೇಕೆನಿಸುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಅಂದಿನ ಇಂಗ್ಲಿಷ್ ಕಾನೂನಿನಂತೆ ಗಂಡುಮಕ್ಕಳಿದ್ದರೆ ಪಿತ್ರಾರ್ಜಿತವೆಲ್ಲ ಹಿರಿಯನದು. ಅವನಿಗೆ ಮಕ್ಕಳಿಲ್ಲದಿದ್ದರೆ ಮುಂದಿನ ತಮ್ಮನದು. ಗಂಡುಮಕ್ಕಳೇ ಇಲ್ಲವಾದರೆ ಮಾತ್ರ ಅದು ಹೆಣ್ಣುಮಕ್ಕಳಿಗೆ ಬರುತ್ತಿತ್ತು, ಆಗ ಹಿರಿಯಳು ಕಿರಿಯಳೆಂಬ ಭೇದವಿಲ್ಲದೆ ಸಮಪಾಲು. ಪಾಲು ಪಡೆಯುವ ಮೊದಲೇ ಒಬ್ಬಳು ಸತ್ತಿದ್ದರೆ ಅವಳ ಮಕ್ಕಳು ಅವಳ ಸ್ಥಾನದಲ್ಲಿ ನಿಲ್ಲುತ್ತಿದ್ದರು. 1245ರ ಕೊನೆಯಲ್ಲಿ ಮಟಿಲ್ಡಾ, ಇಸಬೆಲ್, ಸಿಬಿಲ್, ಈವಾ, ಜೋನ್ ಎಂಬ ಐವರು ಸಹೋದರಿಯರ ಪೈಕಿ ಬದುಕಿದ್ದವರು ಮಟಿಲ್ಡಾ ಮತ್ತು ಈವಾ ಇಬ್ಬರೇ, ಈವಾ ಕೂಡ ಮರುವರ್ಷ ತೀರಿಕೊಂಡಳು. 1247ರಲ್ಲಿ ಪಾಲುಪಟ್ಟಿಯಾದಾಗ ಲೆನ್‌ಸ್ಟರ್ ಐದು ಭಾಗವಾಯಿತು: ಕಾರ್ಲೋ ಮಟಿಲ್ಡಾಗೆ, ಕಿಲ್ಕೆನ್ನಿ ಇಸಬೆಲ್‌ಳ ಮಗ ರಿಚರ್ಡ್ ಡಿ ಕ್ಲೇರ್‌ಗೆ (ಇವನು ಸ್ಟ್ರಾಂಗ್‌ಬೋ ಅಲ್ಲ), ಕಿಲ್ಡೇರ್ ಸಿಬಿಲ್‌ಳ ಮಕ್ಕಳಿಗೆ, ಡನಮೇಸ್ ಕೋಟೆಯೊಂದಿಗೆ ಲೀಷ್ ಸೀಮೆ ಈವಾಳ ಮಕ್ಕಳಿಗೆ, ವೆಕ್ಸ್‌ಫರ್ಡ್ ಜೋನ್‌ಳ ಮಗಳಿಗೆ. ವೇಲ್ಸಿನಲ್ಲಿ ಚೆಪ್‌ಸ್ಟೋ ಮಟಿಲ್ಡಾಗೆ ಬಂದರೆ, ಪೆಂಬ್ರೋಕ್ ಜೋನ್‌ಳ ಮಗಳಿಗೆ ಹೋಯಿತು.

ಹೆಣ್ಣುಮಕ್ಕಳೇ ಹೆಚ್ಚಿರುವ ಮನೆಗಳಲ್ಲಿ ಪಾಲು ಎಷ್ಟು ಚೂರಾಗುತ್ತಿತ್ತು ಎಂಬುದಕ್ಕೆ ಸಿಬಿಲ್‌ಳ ಕವಲನ್ನೇ ನೋಡಿ. ಡರ್ಬಿಯ ಅರ್ಲ್ ವಿಲಿಯಂ ಡಿ ಫೆರರ್ಸ್‌ನಿಂದ ಅವಳಿಗೆ ಹುಟ್ಟಿದವರು ಏಳು ಹೆಣ್ಣುಮಕ್ಕಳು; ಅಂದರೆ ಒಬ್ಬೊಬ್ಬಳಿಗೂ ಅಜ್ಜನ ಆಸ್ತಿಯ ಮೂವತ್ತೈದರಲ್ಲಿ ಒಂದು ಪಾಲು. ಅವರಲ್ಲಿ ಎಲಿನರ್ ಎಂಬವಳು ವಿಂಚೆಸ್ಟರಿನ ಅರ್ಲ್ ರೋಜರ್ ಡಿ ಕ್ವಿನ್ಸಿಯನ್ನು ಮದುವೆಯಾದಳು. ಆದರೆ ಅವಳ ತಂದೆ ಅಷ್ಟರಲ್ಲೇ ರೋಜರ್‌ನ ಮಗಳು ಮಾರ್ಗರೆಟ್‌ಳನ್ನು ಎರಡನೆಯ ಹೆಂಡತಿಯಾಗಿ ತಂದಿದ್ದ. ಹೀಗೆ ಎಲಿನರ್ ತನ್ನ ಮಲತಾಯಿಗೇ ಮಲತಾಯಿಯಾದಳು. ಅಂತರಜಾಲದಲ್ಲಿ ಸಿಗುವ ವಂಶವೃಕ್ಷಗಳು ಇಂಥ ಕಡೆಗಳಲ್ಲೇ ಎಡವುತ್ತವೆ. ಇಸಬೆಲ್ ಎಂಬ ಹೆಸರಿನಲ್ಲೂ ಜಾಗ್ರತೆ ಬೇಕು: ಸ್ಟ್ರಾಂಗ್‌ಬೋನ ಮಗಳು ಇಸಬೆಲ್ ಡಿ ಕ್ಲೇರ್, ಅವಳ ಮಗಳು ಇಸಬೆಲ್ ಮಾರ್ಷಲ್, ಗ್ಲಾಸ್ಟರಿನ ಅರ್ಲ್ ಗಿಲ್ಬರ್ಟ್ ಡಿ ಕ್ಲೇರ್‌ನನ್ನು ಮದುವೆಯಾದವಳು, ಆ ದಂಪತಿಯ ಮಗಳು ಮತ್ತೆ ಇಸಬೆಲ್ ಡಿ ಕ್ಲೇರ್. ಅಜ್ಜಿ ಮತ್ತು ಮೊಮ್ಮಗಳನ್ನು ಒಬ್ಬಳೇ ಎಂದು ಭಾವಿಸಿದರೆ ಎರಡು ತಲೆಮಾರುಗಳೇ ಮಾಯವಾಗುತ್ತವೆ.

ಆ ಮೊಮ್ಮಗಳು ಮದುವೆಯಾದದ್ದು ಅನಂಡೇಲಿನ ಒಡೆಯ ರಾಬರ್ಟ್ ಬ್ರೂಸ್‌ನನ್ನು; ಅವಳ ಮೊಮ್ಮಗನೇ 1306ರಲ್ಲಿ ಸ್ಕಾಟ್ಲೆಂಡಿನ ಸಿಂಹಾಸನವೇರಿದ ರಾಬರ್ಟ್ ಬ್ರೂಸ್. ಆದರೆ ನನಗೆ ಹೆಚ್ಚು ಕುತೂಹಲಕರವೆನಿಸುವುದು ಈವಾಳ ಕವಲು. ಅವಳ ಗಂಡ ವಿಲಿಯಂ ಡಿ ಬ್ರೋಸ್‌ನನ್ನು 1230ರಲ್ಲಿ ವೇಲ್ಸಿನ ದೊರೆ ಲ್ಯುವೆಲಿನ್ ನೇಣಿಗೇರಿಸಿದ. ಉಳಿದವರು ನಾಲ್ವರು ಹೆಣ್ಣುಮಕ್ಕಳು. ಅವರಲ್ಲಿ ಒಬ್ಬಳು, ಹೆಸರಿನಲ್ಲಿ ದೊಡ್ಡಮ್ಮನಂತೆ ಮಟಿಲ್ಡಾ, ವಿಗ್ಮೋರಿನ ರೋಜರ್ ಮಾರ್ಟಿಮರ್‌ನನ್ನು ಮದುವೆಯಾದಳು. 1330ರಲ್ಲಿ ಟೈಬರ್ನ್‌ನಲ್ಲಿ ನೇಣಿಗೇರಿದ ಮಾರ್ಚಿನ ಮೊದಲ ಅರ್ಲ್ ಅವಳ ಮೊಮ್ಮಗ. ಆ ಅರ್ಲ್‌ನ ಸಂತತಿಯ ಆನ್ ಮಾರ್ಟಿಮರ್ ಯಾರ್ಕಿನ ಡ್ಯೂಕ್ ರಿಚರ್ಡ್‌ನ ತಾಯಿ, 1461ರಲ್ಲಿ ಪಟ್ಟಕ್ಕೆ ಬಂದ ನಾಲ್ಕನೆಯ ಎಡ್ವರ್ಡ್‌ನ ಅಜ್ಜಿ. ಈವಾಳ ಇನ್ನೊಬ್ಬ ಮಗಳು ಎಲಿನರ್ ಹಂಫ್ರಿ ಡಿ ಬೋಹನ್‌ನ ಹೆಂಡತಿಯಾದಳು; ಅವಳ ಸಂತತಿಯ ಮೇರಿ ಡಿ ಬೋಹನ್ ಐದನೆಯ ಹೆನ್ರಿಯ ತಾಯಿ, ಆರನೆಯ ಹೆನ್ರಿಯ ಅಜ್ಜಿ. ಹದಿನೈದನೆಯ ಶತಮಾನದಲ್ಲಿ ಸಿಂಹಾಸನಕ್ಕಾಗಿ ಕಾದಾಡಿದ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಪಕ್ಷಗಳೆರಡೂ ಹೀಗೆ ಇಬ್ಬರು ಅಕ್ಕತಂಗಿಯರ ಮಕ್ಕಳ ಸಾಲಿನವು. ಎಂಟನೆಯ ಹೆನ್ರಿ ತನ್ನ ತಾಯಿಯ ಕಡೆಯಿಂದ, ಅಂದರೆ ನಾಲ್ಕನೆಯ ಎಡ್ವರ್ಡ್‌ನ ಮಗಳ ಮೂಲಕ, ಮಾರ್ಷಲನ ಸಂತತಿಗೆ ಸೇರುತ್ತಾನೆ. ನೀವು ಓದಿದ ಎರಡನೆಯ ಹೇಳಿಕೆಗೆ ಆಧಾರ ಇದೇ.

ಮಟಿಲ್ಡಾ ನಾರ್ಫಕ್ ಅರ್ಲ್ ಹ್ಯೂ ಬಿಗಾಡ್‌ನನ್ನೂ ಅವನ ನಂತರ ಸರ್ರಿಯ ಅರ್ಲ್ ವಾರೆನ್‌ನನ್ನೂ ಮದುವೆಯಾದವಳು. ಮಾರ್ಷಲ್ ಎಂಬ ರಾಜಹುದ್ದೆಯನ್ನು ಐದು ತುಂಡು ಮಾಡುವುದು ಸಾಧ್ಯವಿಲ್ಲದ ಕಾರಣ 1246ರಲ್ಲಿ ಅದು ಹಿರಿಯಳಾದ ಅವಳಿಗೆ ಸಂದಿತು. 1248ರಲ್ಲಿ ಅವಳು ತೀರಿಕೊಂಡಾಗ ಎರಡೂ ಮದುವೆಗಳ ಗಂಡುಮಕ್ಕಳು ಸೇರಿ ಅವಳ ಶವವನ್ನು ಟಿಂಟರ್ನ್ ಮಠಕ್ಕೆ ಹೊತ್ತರೆಂದು ದಾಖಲೆಯಿದೆ. ಹುದ್ದೆ ಬಿಗಾಡರಲ್ಲಿ 1306ರವರೆಗೆ ಉಳಿದು, ಅವರ ಕೊನೆಯ ಅರ್ಲ್ ಮಕ್ಕಳಿಲ್ಲದೆ ಸತ್ತಾಗ ಅರಸನ ಕೈಸೇರಿತು; ಇಂದು ಅದನ್ನು ಹೊಂದಿರುವ ನಾರ್ಫಕ್‌ನ ಹಾವರ್ಡ್ ಡ್ಯೂಕ್‌ಗಳಿಗೆ ಅದು ಬಂದದ್ದು ಬಿಗಾಡರಿಂದ ನೇರವಾಗಿ ಅಲ್ಲ, ಅರಸರ ಹೊಸ ದಾನಗಳ ಮೂಲಕ. ಜೋನ್‌ಳ ಮಗಳು ರಾಜನ ಮಲಸಹೋದರ ವಿಲಿಯಂ ಡಿ ವ್ಯಾಲೆನ್ಸ್‌ನನ್ನು ಮದುವೆಯಾದಳು. ಅವರ ಮಗ ಎಮರ್ ಪೆಂಬ್ರೋಕಿನ ಅರ್ಲ್ ಎನಿಸಿ 1324ರಲ್ಲಿ ನಿಸ್ಸಂತಾನನಾಗಿ ಸತ್ತ.

ಇಷ್ಟೆಲ್ಲ ವಿವರ ನಮಗೆ ತಿಳಿದಿರುವುದು ಯಾರೋ ವಂಶಾಭಿಮಾನದಿಂದ ಬರೆದಿಟ್ಟದ್ದರಿಂದಲ್ಲ, ಕಂದಾಯದ ಲೆಕ್ಕದಿಂದ. ರಾಜನಿಂದ ನೇರವಾಗಿ ಜಮೀನು ಪಡೆದವನು ಸತ್ತರೆ ಅಧಿಕಾರಿಗಳು ಸ್ಥಳೀಯರನ್ನು ಕರೆದು ಪ್ರಮಾಣ ಮಾಡಿಸಿ ಮೂರು ವಿಷಯ ಕೇಳುತ್ತಿದ್ದರು: ಜಮೀನು ಯಾವುದು, ಅದರ ಹುಟ್ಟುವಳಿ ಎಷ್ಟು, ವಾರಸುದಾರರು ಯಾರು ಮತ್ತು ಅವರ ವಯಸ್ಸೆಷ್ಟು. ವಾರಸುದಾರ ಅಪ್ರಾಪ್ತನಾದರೆ ಅವನು ಪ್ರಾಯಕ್ಕೆ ಬರುವವರೆಗೆ ಆದಾಯವೂ ಅವನ ಮದುವೆಯ ಹಕ್ಕೂ ರಾಜನದಾಗುತ್ತಿದ್ದ ಕಾರಣ, ವಯಸ್ಸನ್ನು ವಿಚಾರಿಸುವುದರಲ್ಲಿ ರಾಜನಿಗೆ ಲಾಭವಿತ್ತು. ವಿಧವೆಯರ ದಾಖಲೆಗಳೂ ಅಷ್ಟೇ ಉಪಯುಕ್ತ, ಏಕೆಂದರೆ ಗಂಡನ ಆಸ್ತಿಯ ಮೂರನೆಯ ಒಂದು ಭಾಗ ಅವರಿಗೆ ಜೀವಮಾನವಿಡೀ ಸಲ್ಲುತ್ತಿತ್ತು. ಎರಡನೆಯ ವಿಲಿಯಂನ ವಿಧವೆ ಎಲಿನರ್‌ಗೆ ಐರ್ಲೆಂಡ್ ಮತ್ತು ವೇಲ್ಸಿನ ಪಾಲಿನ ಬದಲು ವರ್ಷಕ್ಕೆ 400 ಪೌಂಡ್ ಎಂದು ಒಪ್ಪಂದವಾಯಿತು. ಅದು ತೀರಾ ಕಡಿಮೆಯಾಯಿತೆಂದು ಅವಳೂ, 1238ರಲ್ಲಿ ಅವಳನ್ನು ಮದುವೆಯಾದ ಸೈಮನ್ ಡಿ ಮಾಂಟ್‌ಫರ್ಟ್‌ನೂ ರಾಜನೊಂದಿಗೆ ವರ್ಷಗಟ್ಟಲೆ ಜಗಳವಾಡಿದರು. ಮಾಂಟ್‌ಫರ್ಟ್ ರಾಜನ ವಿರುದ್ಧ ತಿರುಗಿಬಿದ್ದುದಕ್ಕೆ ಇದ್ದ ಕಾರಣಗಳಲ್ಲಿ ಈ ಬಾಕಿಯೂ ಒಂದು.

ಇನ್ನು ಅಡ್ಡಹೆಸರಿನ ಪ್ರಶ್ನೆ. ಅರ್ಲ್ ವಿಲಿಯಂನ ಧರ್ಮಸಮ್ಮತ ಗಂಡುಸಂತತಿ 1245ರ ಡಿಸೆಂಬರ್‌ನಲ್ಲಿ ಮುಗಿಯಿತು. ಆದ್ದರಿಂದ ಮಾರ್ಷಲ್ ಎಂಬ ಹೆಸರು ಇದೆ ಎಂಬುದೊಂದರಿಂದಲೇ ಯಾರೂ ಅವನ ಸಂತತಿ ಎನಿಸಲಾರರು. ಆ ಶಬ್ದ ಕುದುರೆ ನೋಡಿಕೊಳ್ಳುವವರಿಗೂ ಲಾಳ ಕಟ್ಟುವವರಿಗೂ ಊರೂರಿನಲ್ಲಿ ಬಳಕೆಯಲ್ಲಿದ್ದುದರಿಂದ, ಇಂದಿನ ಮಾರ್ಷಲ್‌ಗಳಲ್ಲಿ ಹೆಚ್ಚಿನವರ ಹಿರಿಯರು ಅಂಥ ಕಸುಬಿನವರು ಎಂದುಕೊಳ್ಳುವುದೇ ಸರಿ. ನಿಮ್ಮ ಪರಿಚಯದ ಯಾರಾದರೂ ಅಂಥ ಸಂಬಂಧ ಹೇಳಿಕೊಂಡರೆ, ಬಿಗಾಡ್, ಕ್ಲೇರ್, ಫೆರರ್ಸ್, ಬ್ರೋಸ್, ವ್ಯಾಲೆನ್ಸ್ ಈ ಐದರಲ್ಲಿ ಯಾವ ಮನೆಯ ಮೂಲಕ ಎಂದು ಕೇಳಿ, ಆಮೇಲೆ ಒಂದೊಂದು ತಲೆಮಾರಿಗೂ ಜಮೀನಿನ ದಾಖಲೆ ತೋರಿಸಲು ಹೇಳಿ.