ಮಾಲ್ಗುಡಿಯ ಸ್ವಾಮಿಯಾಗಿ ನಟಿಸಿದ ಮಾಸ್ಟರ್ ಮಂಜುನಾಥ್ ಆಮೇಲೆ ಏನಾದರು?

ಅಷ್ಟು ಹೆಸರು ಮಾಡಿದ ಹುಡುಗನಿಗೆ ಮುಂದೆ ಅವಕಾಶಗಳೇ ಸಿಗಲಿಲ್ಲವೇ, ಆತ ಕಾಣೆಯಾದದ್ದೇಕೆ ಎಂದು ನೀವು ಕೇಳಿದ್ದೀರಿ. ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಮಂಜುನಾಥ್ ಅವರು ಸುಮಾರು ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಾವಾಗಿಯೇ ನಟನೆಯನ್ನು ಬಿಟ್ಟು, ಓದನ್ನು ಮುಂದುವರಿಸಿ, ಅನಂತರ ಬೆಂಗಳೂರಿನಲ್ಲಿ ಸಾರ್ವಜನಿಕ ಸಂಪರ್ಕ ಕ್ಷೇತ್ರವನ್ನು ವೃತ್ತಿಯಾಗಿ ಆರಿಸಿಕೊಂಡರು. ಅಷ್ಟರೊಳಗೆ ಅವರು ಅರವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದರು. ಮೂರು ವರ್ಷದ ಮಗುವಾಗಿದ್ದಾಗಲೇ ಕ್ಯಾಮೆರಾದ ಮುಂದೆ ನಿಂತವರು ಅವರು. ಇದನ್ನು ‘ಕಾಣೆಯಾಗುವುದು’ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈ ವಿಷಯದಲ್ಲಿ ನಾನು ತಟಸ್ಥನಲ್ಲ ಎಂಬುದನ್ನೂ ಹೇಳಬೇಕು. ಮಾಲ್ಗುಡಿ ಎಂಬ ಕಲ್ಪಿತ ಊರಿನ ಬಗ್ಗೆ ಆರ್.ಕೆ. ನಾರಾಯಣ್ ಬರೆದ ಕಥೆಗಳ ಧಾರಾವಾಹಿ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಮೊದಲ ಸಲ ಬರುತ್ತಿದ್ದಾಗ, ಅಂದರೆ 1986–87ರ ಸುಮಾರಿಗೆ, ನಾನು ಬೆಂಗಳೂರಿನಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದೆ. ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲವಾದ್ದರಿಂದ ಪಕ್ಕದ ಮನೆಯ ಹಜಾರದಲ್ಲಿ ಚಾಪೆಯ ಮೇಲೆ ಕೂತು, ಎಲ್. ವೈದ್ಯನಾಥನ್ ಅವರ ಆ ‘ತಾನನ’ ರಾಗ ಕೇಳಿದೊಡನೆ ಮಾತು ನಿಲ್ಲಿಸುತ್ತಿದ್ದ ಮಕ್ಕಳಲ್ಲಿ ನಾನೂ ಒಬ್ಬ. ಧಾರಾವಾಹಿಯ ಮಾತು ಹಿಂದಿ, ನಮಗೆ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಪಂಚೆಯುಟ್ಟ ಅಪ್ಪ, ಮನೆಯ ಜಗಲಿ, ಹೆಂಚಿನ ಮಾಡಿನಿಂದ ಇಳಿಯುವ ಮಳೆ, ಎಲ್ಲವೂ ನಮ್ಮದೇ ಆಗಿತ್ತು. ಧಾರಾವಾಹಿಯ ನಿರ್ದೇಶಕ ಶಂಕರ್ ನಾಗ್ ಮಾಲ್ಗುಡಿಯನ್ನು ಕಂಡುಕೊಂಡದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ರೈಲು ನಿಲ್ದಾಣದ ದೃಶ್ಯಗಳಿಗೆ ಅದೇ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣವನ್ನು ಆರಿಸಿಕೊಂಡರು.

ಆ ಹುಡುಗನ ನಟನೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಲು ಅನುಮತಿ ಕೊಡಿ, ಏಕೆಂದರೆ ಆತ ‘ಮುದ್ದಾಗಿದ್ದ’ ಎನ್ನುವುದಕ್ಕಿಂತ ಮುಂದೆ ಮಾತು ಹೋಗುವುದೇ ಇಲ್ಲ. ಪತ್ರಿಕೆಯಲ್ಲಿ ಹುಲಿಯೊಡನೆ ಹೋರಾಡಿದ ಹುಡುಗನ ಸುದ್ದಿಯನ್ನು ಓದಿದ ಅಪ್ಪ, ಧೈರ್ಯವೊಂದಿದ್ದರೆ ವಯಸ್ಸು ಲೆಕ್ಕಕ್ಕಿಲ್ಲವೆಂದು ವಾದಿಸಿ, ಅಜ್ಜಿಯ ಮಗ್ಗುಲಲ್ಲೇ ಮಲಗುವ ಸ್ವಾಮಿಯನ್ನು ಒಂದು ರಾತ್ರಿ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಲು ಎಳೆದೊಯ್ಯುವ ಕಥೆ ನಿಮಗೆ ನೆನಪಿರಬಹುದು. ಹೆದರಿ ಬೆಂಚಿನ ಕೆಳಗೆ ಮುದುಡಿಕೊಂಡ ಹುಡುಗ ಕತ್ತಲಲ್ಲಿ ಬಂದ ಕಾಲನ್ನು ಕಚ್ಚಿಬಿಡುತ್ತಾನೆ, ಅದು ಕಳ್ಳನ ಕಾಲಾಗಿರುತ್ತದೆ, ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಅವನು ವೀರ. ಅಪ್ಪನಾಗಿ ಎದುರಿಗಿದ್ದವರು ಗಿರೀಶ್ ಕಾರ್ನಾಡ್, ಅಮ್ಮನಾಗಿದ್ದವರು ವೈಶಾಲಿ ಕಾಸರವಳ್ಳಿ. ಅಂಥ ನಟರ ನಡುವೆ ಹತ್ತರ ಆಸುಪಾಸಿನ ಹುಡುಗನೊಬ್ಬ ಅವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುತ್ತಾನೆ; ತನ್ನ ಮಾತಿನ ಸರದಿಗಾಗಿ ಕಾಯುವುದಿಲ್ಲ. ಬಾಲನಟರಲ್ಲಿ ಇದು ತೀರಾ ವಿರಳ. ಭಯ ಅವನ ಕಣ್ಣಿಗಿಂತ ಮೊದಲು ಭುಜಕ್ಕೆ ಬರುತ್ತದೆ. ಎಲ್ಲರೂ ಹೊಗಳುವಾಗಲೂ ಅವನ ಮುಖದಲ್ಲಿ ಹೆಮ್ಮೆಗಿಂತ ಗಾಬರಿಯೇ ಹೆಚ್ಚು.

ಇದಕ್ಕೆ ಶಂಕರ್ ನಾಗ್ ಅವರ ಪಾಲೂ ದೊಡ್ಡದು ಎಂದು ನಾನು ನಂಬಿದ್ದೇನೆ. ಮಗುವಿನ ಬಾಯಲ್ಲಿ ದೊಡ್ಡವರ ಚಟಾಕಿ ಹೇಳಿಸಿ ಚಪ್ಪಾಳೆ ಗಿಟ್ಟಿಸುವ ರೂಢಿ ಇದ್ದ ಕಾಲದಲ್ಲಿ ಅವರು ಮಗುವನ್ನು ಮಗುವಾಗಿಯೇ ಬಿಟ್ಟರು. ಎಸ್. ರಾಮಚಂದ್ರ ಅವರ ಕ್ಯಾಮೆರಾ ಕೂಡ ಹುಡುಗನ ಹಿಂದೆ ಅವಸರವಿಲ್ಲದೆ ನಡೆಯುತ್ತದೆ. ಶಂಕರ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಮಂಜುನಾಥ್ ಇನ್ನೂ ಶಾಲೆಗೆ ಹೋಗುವ ವಯಸ್ಸಿನವರು.

ಅದೇ 1990ರಲ್ಲಿ ಮುಕುಲ್ ಆನಂದ್ ಅವರ ‘ಅಗ್ನಿಪಥ್’ ಬಂತು. ಅಮಿತಾಭ್ ಬಚ್ಚನ್ ನಿರ್ವಹಿಸಿದ ವಿಜಯ್ ದೀನಾನಾಥ್ ಚೌಹಾಣ್ ಪಾತ್ರದ ಬಾಲ್ಯವನ್ನು ಅಭಿನಯಿಸಿದವರು ಮಂಜುನಾಥ್. ಉಪಾಧ್ಯಾಯನಾದ ತಂದೆಯನ್ನು ಊರೇ ಸೇರಿ ಕೊಲ್ಲುವುದನ್ನು ಕಂಡ ಮಗನ ಮೌನದ ಸಿಟ್ಟು ಅಲ್ಲಿದೆ. ಸ್ವಾಮಿಯ ತುಂಟ ಮುಖವನ್ನು ಬಲ್ಲವರಿಗೆ ಇವನು ಅದೇ ಹುಡುಗನೆಂದು ಒಪ್ಪಿಕೊಳ್ಳಲು ಕೆಲವು ನಿಮಿಷಗಳೇ ಬೇಕಾಗುತ್ತವೆ. ಹಾಗಾಗಿ, ಅವರಿಗೆ ಸ್ವಾಮಿಯ ಪಾತ್ರವೊಂದೇ ಒಗ್ಗಿತ್ತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಬಿಟ್ಟದ್ದೇಕೆ ಎಂದು ನೀವು ಕೇಳುತ್ತೀರಿ. ಅವರ ಮನಸ್ಸಿನೊಳಗಿನ ಮಾತನ್ನು ನಾನು ಹೇಳಲಾರೆ, ಆದರೆ ಕೆಲಸದ ಸ್ವರೂಪವನ್ನು ನೋಡಿ. ಮೂರರಿಂದ ಹತ್ತೊಂಬತ್ತು ಎಂದರೆ ಹದಿನಾರು ವರ್ಷಗಳ ದುಡಿಮೆ. ಕಚೇರಿಯಲ್ಲಾದರೆ ಅಷ್ಟು ಸೇವೆ ಸಲ್ಲಿಸಿದವರನ್ನು ನಾವು ಹಿರಿಯರೆಂದು ಕರೆಯುತ್ತೇವೆ. ದೇಶದಲ್ಲಿ ಬಾಲಕಾರ್ಮಿಕ ಕಾಯಿದೆ ಬಂದದ್ದು 1986ರಲ್ಲಿ, ಸ್ವಾಮಿಯ ಕಾಲದಲ್ಲೇ. ಆದರೆ ಬಾಲಕಲಾವಿದರಿಗೆಂದೇ ಸ್ಪಷ್ಟ ನಿಯಮಗಳು ರೂಪುಗೊಂಡದ್ದು 2016ರ ತಿದ್ದುಪಡಿಯ ನಂತರ, 2017ರಲ್ಲಿ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ವಿಶ್ರಾಂತಿಯಿಲ್ಲದೆ ಮೂರು ಗಂಟೆ ಮೀರುವಂತಿಲ್ಲ, ಸತತ 27 ದಿನಗಳಿಗಿಂತ ಹೆಚ್ಚು ದುಡಿಸುವಂತಿಲ್ಲ, ಸಂಪಾದನೆಯ ಕನಿಷ್ಠ ಶೇಕಡ 20 ಭಾಗವನ್ನು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕು ಎಂದೆಲ್ಲ ಅವು ಹೇಳುತ್ತವೆ. ಆ ತಲೆಮಾರಿನ ಮಕ್ಕಳಿಗೆ ಇವೊಂದೂ ಇರಲಿಲ್ಲ. ಮಗುವಿನ ಓದು, ನಿದ್ದೆ, ಹಣ ಎಲ್ಲವೂ ಮನೆಯವರ ಮತ್ತು ನಿರ್ದೇಶಕರ ಒಳ್ಳೆಯತನವನ್ನೇ ನೆಚ್ಚಿಕೊಂಡಿದ್ದವು. ಅಂಥ ಕಾಲದಿಂದ ಬಂದ ಹುಡುಗನೊಬ್ಬ ಬೇಡಿಕೆ ಬತ್ತುವವರೆಗೆ ಕಾಯದೆ ಓದಿನ ಕಡೆ ಹೊರಳಿದ್ದನ್ನು ಕಂಡರೆ ನನಗೆ ಗೌರವ ಮೂಡುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಅರಸಾಳಿಗೆ ಹೋಗಿದ್ದೆ. ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆ ಇಲಾಖೆಯವರು ಈಗ ಮಾಲ್ಗುಡಿ ಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ನನ್ನ ಜೊತೆಗಿದ್ದ ಮಗಳು ಸ್ವಾಮಿ ಯಾರೆಂದು ಕೇಳಿದಾಗ ಆ ರಾತ್ರಿಯೇ ಅವಳಿಗೆ ಕಳ್ಳನ ಕಂತನ್ನು ತೋರಿಸಿದೆ, ಮರುದಿನ ಸ್ನೇಹಿತ ರಾಜಂ ಊರು ಬಿಟ್ಟು ಹೋಗುವುದನ್ನು ತೋರಿಸಿದೆ. ನೀವೂ ಇದೇ ಕ್ರಮದಲ್ಲಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಕ್ರಿಕೆಟ್ ಪಂದ್ಯಕ್ಕೆ ಬಾರದೆ ತಪ್ಪಿಸಿಕೊಂಡ ಸ್ವಾಮಿಯೊಡನೆ ರಾಜಂ ಮಾತು ಬಿಟ್ಟಿರುತ್ತಾನೆ. ಸ್ವಾಮಿ ಪುಸ್ತಕವೊಂದನ್ನು ಉಡುಗೊರೆಯಾಗಿ ಹಿಡಿದು ನಿಲ್ದಾಣಕ್ಕೆ ಬಂದಿರುತ್ತಾನೆ. ಗಾಡಿ ಹೊರಟ ಮೇಲೆ ಆ ಹುಡುಗನ ಮುಖವನ್ನು ಗಮನಿಸಿ. ನನ್ನ ಮಗಳು ಅಲ್ಲಿಗೆ ಬಂದಾಗ ಏನನ್ನೂ ಕೇಳಲಿಲ್ಲ, ನನ್ನ ಕೈಯನ್ನು ಮಾತ್ರ ಹಿಡಿದುಕೊಂಡಳು.